ಕಟ್ಟಿದವರೇ ನೆರಳು ಕೊಡಬೇಕು

ಬೇಸಿಗೆ ಬಂತೆಂದರೆ ರಾಯಚೂರಿನಲ್ಲಿ ಮೊದಲು ಬದಲಾಗುವುದು ಕಚೇರಿಯ ಗಡಿಯಾರ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಕಲಬುರಗಿ ವಿಭಾಗದ ಏಳು ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಬಿಸಿಲು ನೋಡಿ ಸರ್ಕಾರ ಮಾಡಿಕೊಟ್ಟ ಅನುಕೂಲ ಇದು. ಶಾಲೆಗೆ ರಜೆ. ಪೇಟೆಯವರು ಊಟ ಮುಗಿಸಿ, ಷಟರ್ ಅರ್ಧ ಎಳೆದು, ಫ್ಯಾನಿನ ಕೆಳಗೆ ಒರಗುತ್ತಾರೆ. ಬಸ್ಸಿಗೆ ಕಾಯುವವರು ತಲೆಗೆ ಟವೆಲ್ ಸುತ್ತಿ ನೆರಳು ಹುಡುಕಿ ಕೂರುತ್ತಾರೆ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಎಲ್ಲರೂ ತಮ್ಮ ತಮ್ಮ ದಾರಿ ನೋಡಿಕೊಂಡಿದ್ದಾರೆ. ದಾರಿ ಇಲ್ಲದ್ದು ಒಂದೇ ಒಂದು ಜೀವಕ್ಕೆ. ಕೊರಳಲ್ಲಿ ಸರಪಳಿ ಬಿದ್ದ ನಾಯಿಗೆ.

ಯಾವ ಓಣಿಗೆ ಹೋದರೂ ಇಂಥದ್ದೊಂದು ಕಾಣುತ್ತದೆ. ಗೋದಾಮಿನ ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಕಂಬಕ್ಕೆ ಮೂರು ಮೊಳ ಸರಪಳಿ. ಸರಪಳಿಯ ತುದಿಗೆ ನಾಲಿಗೆ ಹೊರಗೆ ಹಾಕಿ ತೇಕುವ ನಾಯಿ. ಬೆಳಿಗ್ಗೆ ಎಂಟಕ್ಕೆ ಕಟ್ಟುವಾಗ ಅಲ್ಲಿ ನೆರಳು ಇತ್ತು, ನಿಜ. ಆದರೆ ನೆರಳಿಗೆ ಕಾಲುಂಟು, ನಾಯಿಗೆ ಸರಪಳಿಯುಂಟು. ಹನ್ನೆರಡಕ್ಕೆ ನೆರಳು ಗೋಡೆ ದಾಟಿ ಹೋಯಿತು, ನಾಯಿ ಇದ್ದಲ್ಲೇ ಉಳಿಯಿತು. ಮುಂದಿಟ್ಟ ಸ್ಟೀಲ್ ಬೋಗುಣಿಯ ನೀರು ಕೈ ಅದ್ದಲಾರದಷ್ಟು ಕಾದಿತು. ಕೇಳಿದರೆ ಸಾವ್ಕಾರರ ಉತ್ತರ ಸಿದ್ಧ: “ಏನ್ ಆಗೂದಿಲ್ಲ ಬಿಡ್ರೀ, ನಾಯಿ ಐತಿ, ತಡಕೋತೈತಿ.”

ತಡೆದುಕೊಳ್ಳುತ್ತದೆ ಎಂಬ ಈ ಮಾತೇ ತಪ್ಪು. ನಾಯಿ ಮನುಷ್ಯನಿಗಿಂತ ಗಟ್ಟಿ ಎಂದು ಊರೆಲ್ಲ ನಂಬಿದೆ. ಬಿಸಿಲಿನ ವಿಷಯದಲ್ಲಿ ಅದು ಮನುಷ್ಯನಿಗಿಂತ ಮೆತ್ತಗೆ. ಮನುಷ್ಯನಿಗೆ ಮೈಯೆಲ್ಲ ಬೆವರು. ಬೆವರು ಆರಿದಂತೆ ಮೈ ತಂಪಾಗುತ್ತದೆ. ನಾಯಿಗೆ ಬೆವರುವ ಜಾಗ ಅಂಗಾಲು ಮಾತ್ರ, ಅದೂ ಹೆಸರಿಗೆ. ಅದರ ಸಕಲ ತಂಪೂ ತೇಕುವುದರಲ್ಲಿದೆ. ನಾಲಿಗೆ, ಮೂಗು, ಗಂಟಲಿನ ಪಸೆ ಉಸಿರಿನ ಗಾಳಿಗೆ ಆರಿ ಒಳಗಿನ ರಕ್ತವನ್ನು ತಣಿಸಬೇಕು. ಮಣ್ಣಿನ ಗಡಿಗೆ ಬೆವರಿ ನೀರನ್ನು ತಂಪು ಮಾಡುವುದೂ ಇದೇ ಲೆಕ್ಕದಲ್ಲಿ. ಗಡಿಗೆಗೆ ಸುತ್ತಲೂ ಮೈ ಇದೆ, ನಾಯಿಗೆ ಇರುವುದು ಗೇಣುದ್ದ ನಾಲಿಗೆ.

ಆರೋಗ್ಯವಂತ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮನುಷ್ಯನಿಗಿಂತ ಒಂದೆರಡು ಡಿಗ್ರಿ ಹೆಚ್ಚು. 41 ಮುಟ್ಟಿತೆಂದರೆ ಅಪಾಯ. ಅಂದರೆ ನೆಮ್ಮದಿಗೂ ಆಪತ್ತಿಗೂ ನಡುವೆ ಇರುವುದು ಎರಡೇ ಡಿಗ್ರಿ. ಸುತ್ತಲಿನ ಗಾಳಿಯೇ 42 ಇದ್ದಾಗ, ಮೇಲಿನ ತಗಡು ಅದಕ್ಕಿಂತಲೂ ಕಾದು ಕೆಳಗೆ ಉಗುಳುವಾಗ, ಆ ನಾಲಿಗೆ ಎಷ್ಟು ಹೊತ್ತು ಹೋರಾಡೀತು? ಮಳೆ ಒಂದು ಸೆಳಕು ಬಂದು ಹೋದ ಮರುದಿನದ ಕುದಿ ಇನ್ನೂ ಕೆಟ್ಟದ್ದು. ಗಾಳಿಯಲ್ಲಿ ಪಸೆ ಹೆಚ್ಚಾದರೆ ನಾಲಿಗೆಯ ಪಸೆ ಆರುವುದಿಲ್ಲ. ತೇಕಿದ್ದು ತೇಕಿದ್ದೇ ಆಯಿತು, ತಂಪಾಗುವುದಿಲ್ಲ.

ಫಿನ್ಲೆಂಡ್ ಎಂಬ ಚಳಿಯ ದೇಶದಲ್ಲಿ ಸೌನಾ ಎಂಬ ಪದ್ಧತಿ ಇದೆ. ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, 80 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಕೂತು ಬೆವರಿಳಿಸಿ, ಹೊರಗೆ ಬಂದು ತಣ್ಣೀರು ಹುಯ್ದುಕೊಳ್ಳುವುದು ಅವರಿಗೆ ಒಂದು ಸುಖ. ಆ ಪದ್ಧತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ಮೈತುಂಬ ಬೆವರುವ ಮನುಷ್ಯನಿಗೆ ಅದು ಒಪ್ಪುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಒಳಗೆ ಹೋದವನೇ ಬಾಗಿಲು ತೆಗೆದು ಹೊರಗೆ ಬರಬಲ್ಲ. ಬೆವರದ, ಬಾಗಿಲು ತೆಗೆಯಲಾಗದ ಪ್ರಾಣಿಯನ್ನು ಅಂಥ ಕೋಣೆಗೆ ಹಾಕಿ ಚಿಲಕ ಜಡಿದರೆ ಅದಕ್ಕೆ ಸುಖ ಎನ್ನುತ್ತಾರೆಯೇ? ರಾಯಚೂರಿನಲ್ಲಿ ಸೌನಾ ಕಟ್ಟಿಸುವ ಖರ್ಚಿಲ್ಲ. ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿದ ಕಾರೇ ಸಾಕು.

“ಐದೇ ನಿಮಿಷ” ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟು ಬಟ್ಟೆ ಅಂಗಡಿಗೆ ನುಗ್ಗುವವರು ಈಚೆಗೆ ಹೆಚ್ಚಾಗಿದ್ದಾರೆ. ಬಟ್ಟೆ ಅಂಗಡಿಯ ಐದು ನಿಮಿಷ ಎಷ್ಟೆಂದು ಅಂಗಡಿಯವರಿಗೇ ಚೆನ್ನಾಗಿ ಗೊತ್ತು. ಅಮೆರಿಕದ ವೈದ್ಯರು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಬಿಸಿ ಅಳೆದು 2005ರಲ್ಲಿ ಲೆಕ್ಕ ಕೊಟ್ಟರು. ಒಂದು ತಾಸಿನಲ್ಲಿ ಒಳಗಿನ ಬಿಸಿ ಹೊರಗಿನದಕ್ಕಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯಲ್ಲಿ ನೂರಕ್ಕೆ 80 ಪಾಲು ಮೊದಲ ಅರ್ಧ ತಾಸಿನಲ್ಲೇ. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚು ಫರಕಾಗಲಿಲ್ಲ. ಆ ಲೆಕ್ಕ ಹೊರಗೆ ರಾಯಚೂರಿನ ಮೇ ತಿಂಗಳಷ್ಟು ಬಿಸಿ ಇರದ ದಿನಗಳದ್ದು. ಹೊರಗೆ 42 ಇದ್ದಾಗ ಒಳಗೆ ಎಷ್ಟಾದೀತೆಂದು ಯಾರು ಬೇಕಾದರೂ ಬೆರಳು ಮಡಿಚಿ ಎಣಿಸಬಹುದು.

ಎಲ್ಲ ನಾಯಿಗಳೂ ಒಂದೇ ಅಲ್ಲ ಎಂಬುದೂ ತಿಳಿದಿರಲಿ. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಚಪ್ಪಟೆ ಮೂತಿಯ ಪಗ್ ನಾಯಿ ದೇಶಕ್ಕೆಲ್ಲ ಪ್ರೀತಿಯದಾಯಿತು. ಮನೆಮನೆಗೆ ಬಂತು. ಆ ಚಪ್ಪಟೆ ಮೂತಿಯೇ ಅದರ ಕಷ್ಟ. ಮೂಗಿನ ದಾರಿ ಇಕ್ಕಟ್ಟು, ತೇಕಲು ಗಾಳಿ ಸಾಲದು. ಬುಲ್‌ಡಾಗ್, ಬಾಕ್ಸರ್, ಪೆಕಿನೀಸ್ ಜಾತಿಗಳದೂ ಇದೇ ಪಾಡು. ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಹಸ್ಕಿಯನ್ನು ತಂದು ಬಿಸಿಲ ನಾಡಿನ ತಾರಸಿಯಲ್ಲಿ ಕಟ್ಟುವುದು ಶೋಕಿಯೋ ಶಿಕ್ಷೆಯೋ, ಸಾಕಿದವರೇ ಹೇಳಬೇಕು. ಕೂದಲು ಪೂರ್ತಿ ಬೋಳಿಸಿದರೆ ಸರಿ ಹೋಗುತ್ತದೆ ಎನ್ನುವವರಿದ್ದಾರೆ, ಅದೂ ತಪ್ಪು. ಎರಡು ಪದರದ ಕೂದಲಿನ ನಾಯಿಯನ್ನು ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತದೆ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಸಾಕು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಗೌರವ ಅದರದು. ಕಡಿಮೆ ಕೂದಲು, ಉದ್ದ ಮೂತಿ, ಬಡಕಲು ಮೈ, ಎಲ್ಲವೂ ಈ ಸೀಮೆಗೆ ಹೇಳಿಸಿದಂತಿದೆ. ಹಾಗಂತ ಅದನ್ನೂ ತಗಡಿನ ಕೆಳಗೆ ಕಟ್ಟಿ ಬಿಟ್ಟರೆ ಉಳಿಯುವುದಿಲ್ಲ. ಮುದಿ ನಾಯಿ, ಮರಿ, ಬೊಜ್ಜು ಬಂದ ನಾಯಿ, ಎದೆಯ ಕಾಯಿಲೆಯ ನಾಯಿಗಳಿಗಂತೂ ಇನ್ನೂ ಕಷ್ಟ.

ಮನೆಯಲ್ಲಿ ಚೆನ್ನಾಗಿ ಸಾಕಿದವರೂ ಒಂದು ಕಡೆ ಎಡವುತ್ತಾರೆ. ಬಿಸಿಲೇರಿದ ಮೇಲೆ ನಾಯಿಯನ್ನು ಓಡಿಸುವುದು, ಬೈಕಿನ ಹಿಂದೆ ಎಳೆದೊಯ್ಯುವುದು. ಇಂಗ್ಲೆಂಡಿನಲ್ಲಿ 2016ರಲ್ಲಿ ಪಶು ಆಸ್ಪತ್ರೆಗಳಿಗೆ ಬಂದ ನಾಯಿಗಳ ದಾಖಲೆ ತೆಗೆದು ಅಲ್ಲಿನ ವೈದ್ಯರು 2020ರಲ್ಲಿ ಪ್ರಕಟಿಸಿದರು. ಬಿಸಿಯ ಆಘಾತದ ನೂರು ಪ್ರಕರಣಗಳಲ್ಲಿ ಸುಮಾರು 74 ಓಡಾಟ, ಆಟದಿಂದ ಆದವು. ಕಾರಿನಲ್ಲಿ ಕೂಡಿ ಹಾಕಿದ್ದರಿಂದ ಆದದ್ದು 5. ಏಳು ನಾಯಿಗೆ ಒಂದು ಸತ್ತಿತು. ಅಷ್ಟು ತಂಪು ದೇಶದ ಕಥೆಯೇ ಹೀಗೆ. ನಾಯಿ ಒಡೆಯ ಓಡಿದಷ್ಟು ದೂರವೂ ಓಡುತ್ತದೆ. ಸಾಕು ಎಂದು ಹೇಳಲು ಅದಕ್ಕೆ ಬಾಯಿಲ್ಲ. ಡಾಂಬರು ರಸ್ತೆ ಮಧ್ಯಾಹ್ನ ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಚಪ್ಪಲಿ ಹಾಕಿದವರಿಗೆ ಅದು ತಿಳಿಯದು. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವಷ್ಟರಲ್ಲಿ ಕೈ ಎತ್ತಬೇಕೆನಿಸಿದರೆ, ಆ ರಸ್ತೆ ನಾಯಿಯ ಕಾಲಿಗೆ ಅಲ್ಲ. ಬೆಳಗಿನ ಹೊತ್ತು, ಇಲ್ಲವೇ ರಾತ್ರಿ ನೆಲ ಆರಿದ ಮೇಲೆ ತಿರುಗಾಡಿಸಬೇಕು.

ಇನ್ನು ಕಟ್ಟದ ನಾಯಿಗಳ ಮಾತು. ಬೀದಿ ನಾಯಿಗೆ ಬುದ್ಧಿ ಕಲಿಸಬೇಕಿಲ್ಲ. ಚರಂಡಿಯ ಪಸೆ, ಕಟ್ಟೆಯ ಕೆಳಗು, ನಿಂತ ಲಾರಿಯ ಅಡಿ, ಎಲ್ಲಿ ತಂಪಿದೆಯೋ ಅಲ್ಲಿ ಮಣ್ಣು ಕೆದರಿ ಮಲಗುತ್ತದೆ. ಜನ ಮಾಡಬೇಕಾದದ್ದು ಇಷ್ಟೇ, ಆ ತಂಪನ್ನೂ ಕಿತ್ತುಕೊಳ್ಳದೇ ಇರುವುದು. ತೀನ್ ಕಂದೀಲ್ ಸುತ್ತಿನ ಪೇಟೆಯಿರಲಿ, ಸ್ಟೇಷನ್ ರಸ್ತೆಯಿರಲಿ, ಅಂಗಡಿ ಮೆಟ್ಟಿಲ ಬದಿಗೆ ಮಧ್ಯಾಹ್ನ ಸುಮ್ಮನೆ ಬಿದ್ದ ನಾಯಿಯನ್ನು ಪೊರಕೆಯಿಂದ ಹೊಡೆದು ಬಿಸಿಲಿಗೆ ತಳ್ಳಿದರೆ ಸಿಗುವ ಲಾಭ ಏನು? ಆ ಹೊತ್ತಿಗೆ ಗಿರಾಕಿಯೂ ಇರುವುದಿಲ್ಲ. ಬಸ್ಸು, ಲಾರಿ, ಟಂಟಂ ಚಾಲಕರು ಗಾಡಿ ಚಾಲೂ ಮಾಡುವ ಮುಂಚೆ ಒಮ್ಮೆ ಕೆಳಗೆ ಬಗ್ಗಿ ನೋಡಿ ಬಾಡಿಗೆ ಎರಡು ಏಟು ಬಡಿದರೆ ಒಂದು ಜೀವ ಉಳಿಯುತ್ತದೆ. ಒಳಗೆ ಕೂತ ಪ್ರಯಾಣಿಕರೂ ಬೆಳಿಗ್ಗೆ ಬೆಳಿಗ್ಗೆ ಕೆಟ್ಟ ಸದ್ದು ಕೇಳುವುದು ತಪ್ಪುತ್ತದೆ.

ಇಲ್ಲಿ ಒಂದು ಅಪಾಯದ ಗೊಂದಲವೂ ಇದೆ. ಬಿಸಿಲು ಹೊಡೆದ ನಾಯಿ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಕಣ್ಣು ಕೆಂಪಾಗಿರುತ್ತದೆ. ನೋಡಿದವರು “ಹುಚ್ಚ ನಾಯಿ ಬಂತ್ರೋ” ಎಂದು ಕೂಗಿದರೆ ಮುಗಿಯಿತು, ಕಲ್ಲು ಬಡಿಗೆ ಹೊರಡುತ್ತವೆ. ನೀರು ಕುಡಿದರೆ ಹುಚ್ಚಲ್ಲ, ನೀರಿಗೆ ಹೆದರಿದರೆ ಹುಚ್ಚು ಎಂಬ ಹಳೆಯ ಪರೀಕ್ಷೆಯನ್ನೂ ನಂಬುವಂತಿಲ್ಲ. ನೀರಿನ ಭಯ ರೇಬೀಸ್ ತಗುಲಿದ ಮನುಷ್ಯನ ಲಕ್ಷಣ. ರೇಬೀಸ್ ನಾಯಿ ನೀರಿಗೆ ಬಾಯಿ ಹಾಕಲೂಬಹುದು. ಹಾಗಾಗಿ ಗುರುತಿಲ್ಲದ ನಾಯಿ ತೂರಾಡುತ್ತಿದ್ದರೆ ಮುಟ್ಟಬಾರದು, ಹೊಡೆಯಲೂ ಬಾರದು. ಮಕ್ಕಳನ್ನು ದೂರ ಸರಿಸಿ, ದೂರದಿಂದಲೇ ನೀರು ಚೆಲ್ಲಿ, ತಿಳಿದವರನ್ನು ಕರೆಯಬೇಕು. ಕಚ್ಚಿದ್ದೇ ಆದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದಿಗೆ ಹೋಗಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

“ಮಂದಿಗೇ ನೀರಿಲ್ಲ, ನಾಯಿಗೆಲ್ಲಿಂದ ತರೂದ್ರೀ?” ಎಂದು ಕೇಳುವವರಿದ್ದಾರೆ. ಕೃಷ್ಣೆ, ತುಂಗಭದ್ರೆ ಎರಡೂ ಇರುವ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಬೇಕಾಗಿ ಬಂದದ್ದೇ ಒಂದು ದುಃಖ, ಆ ಮಾತು ಬೇರೆ. ಲೆಕ್ಕ ಮಾತ್ರ ನೋಡಬೇಕು. 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಒಂದೂವರೆ ಎರಡು ಲೀಟರ್. ಒಂದು ಕೊಡ ನೀರಿನಲ್ಲಿ ಏಳೆಂಟು ನಾಯಿಗಳ ದಿನ ಕಳೆಯುತ್ತದೆ. ಅಂಗಡಿ ಮುಂದೆ ಧೂಳು ಅಡಗಲಿ ಎಂದು ಸಂಜೆ ಚೆಲ್ಲುವ ನೀರು ಅದಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವ ಪುಣ್ಯದ ಪದ್ಧತಿ ಈ ನಾಡಿಗೆ ಹೊಸದೇನಲ್ಲ. ಅದರ ಪಕ್ಕದಲ್ಲಿ ನೆಲಕ್ಕೆ ಒಂದು ಮಣ್ಣಿನ ಬೋಗುಣಿ ಇಟ್ಟರೆ ನಾಯಿ, ಆಕಳು, ಗುಬ್ಬಿ ಎಲ್ಲಕ್ಕೂ ಆಯಿತು. ಸೊಳ್ಳೆಯ ಭಯವೇ? ದಿನಾ ಬೆಳಿಗ್ಗೆ ಚೆಲ್ಲಿ, ಉಜ್ಜಿ, ತುಂಬಿದರೆ ಮರಿಯಾಗಲು ಸೊಳ್ಳೆಗೆ ಸಮಯವೇ ಸಿಗದು.

ಕಚ್ಚುವ ನಾಯಿಗೆ ನೀರು ಬೇರೆ ಕೇಡೇ ಎನ್ನುವವರಿಗೆ ಇನ್ನೊಂದು ಲೆಕ್ಕ ಇದೆ. ಅಮೆರಿಕದ ಎಂಟು ಊರುಗಳಲ್ಲಿ 2009ರಿಂದ 2018ರವರೆಗೆ ದಾಖಲಾದ 69,525 ನಾಯಿ ಕಡಿತಗಳನ್ನು ಹವಾಮಾನದೊಂದಿಗೆ ಹೊಂದಿಸಿ ನೋಡಿದ ಅಧ್ಯಯನ 2023ರಲ್ಲಿ ಬಂತು. ಬಿಸಿ, ಬಿಸಿಲು ಹೆಚ್ಚಿದ ದಿನ ಕಡಿತವೂ ಹೆಚ್ಚು ಎಂದು ಅದು ಕಂಡಿತು. ಸೆಕೆಗೆ ಮನುಷ್ಯನ ತಲೆಯೇ ಕೆಡುವಾಗ ನಾಯಿಯದು ಕೆಡದೆ ಇದ್ದೀತೆ? ಓಣಿಯ ನಾಯಿ ತಂಪಾಗಿ ಮಲಗಿರುವುದು ಓಣಿಯ ಮಕ್ಕಳಿಗೂ ಒಳ್ಳೆಯದು.

ಇಷ್ಟೆಲ್ಲ ನೋಡಿಕೊಂಡರೂ ನಾಯಿ ಬಿದ್ದರೆ? ಗುರುತುಗಳು ಇವು: ನಿಲ್ಲದ ತೇಕು, ಅಂಟು ಜೊಲ್ಲು, ಕಡುಗೆಂಪು ವಸಡು, ವಾಂತಿ, ತೂರಾಟ, ಕರೆದರೆ ಓಗೊಡದಿರುವುದು. ಸಾಕಿದ ನಾಯಿಗೆ ಹೀಗಾದ ಕೂಡಲೇ ಹೊತ್ತುಕೊಂಡು ಆಸ್ಪತ್ರೆಗೆ ಓಡುವುದು ಎಲ್ಲರ ರೂಢಿ. ಈಗಿನ ಪಶುವೈದ್ಯರ ಮಾತು ಬೇರೆ: ಮೊದಲು ತಣಿಸಿ, ಆಮೇಲೆ ಸಾಗಿಸಿ. ದಾರಿಯಲ್ಲಿ ಕಳೆಯುವ ಅರ್ಧ ತಾಸಿನಲ್ಲೇ ಮಿದುಳು, ಮೂತ್ರಪಿಂಡ ಬೇಯುತ್ತವೆ. ನೆರಳಿಗೆ ಎಳೆದು, ಕೊಡಗಟ್ಟಲೆ ನೀರನ್ನು ಮೈ, ಹೊಟ್ಟೆ, ತೊಡೆಸಂದುಗಳಿಗೆ ಸುರಿಯುತ್ತಲೇ ಇರಬೇಕು. ಫ್ಯಾನಿದ್ದರೆ ಫ್ಯಾನು, ಇಲ್ಲವಾದರೆ ರಟ್ಟಿನಿಂದ ಗಾಳಿ ಹಾಕಬೇಕು. ಹಸಿ ಗೋಣಿ ತಾಟು ಹೊದಿಸುವುದು ಈ ಕಡೆಯ ವಾಡಿಕೆ. ಅದು ಕೂಡದು. ಹೊದ್ದ ಗೋಣಿ ಕ್ಷಣದಲ್ಲಿ ಕಾದು, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಗೋಣಿ ತಾಟು ಶೆಡ್ಡಿನ ತಗಡಿನ ಮೇಲೆ ಇರಲಿ, ನಾಯಿಯ ಮೇಲೆ ಬೇಡ. ಎಚ್ಚರವಿದ್ದರೆ ಕುಡಿಯಲು ನೀರು ಮುಂದಿಡಬೇಕು, ಬಾಯಿ ತೆರೆಸಿ ಹುಯ್ಯಬಾರದು, ಶ್ವಾಸಕ್ಕೆ ಹೋದೀತು. ಇದು ಜ್ವರವಲ್ಲ, ಜ್ವರದ ಗುಳಿಗೆ ಕೆಲಸ ಮಾಡದು. ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ ವಿಷವಾಗಬಹುದು. ತಣಿದು ಎದ್ದು ಕೂತಿತೆಂದು ಸುಮ್ಮನಾಗಲೂ ಬಾರದು. ಒಳಗಿನ ಪೆಟ್ಟು ಎರಡು ಮೂರು ದಿನ ಬಿಟ್ಟು ಹೊರಬೀಳುವುದುಂಟು. ಪಶು ಆಸ್ಪತ್ರೆಗೆ ತೋರಿಸಲೇಬೇಕು.

ಕಾಯ್ದೆ ಏನನ್ನುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಎಲ್ಲ ಬರೆದಿದೆ. ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು ಅಪರಾಧ. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ! 1960ರಲ್ಲಿ ಅದು ದುಡ್ಡು. ಇವತ್ತು ಎರಡು ಮಿರ್ಚಿ ಭಜಿ ಪ್ಲೇಟಿನ ಮಾತು. ಇಂಥ ದಂಡಕ್ಕೆ ಯಾರೂ ಹೆದರುವುದಿಲ್ಲ. ಹೆದರಿಕೆಯಿಂದ ಆಗದ ಕೆಲಸ ನಾಚಿಕೆಯಿಂದ ಆಗಬೇಕು. ಗೋದಾಮು ಕಾಯಲಿ ಎಂದು ಕಟ್ಟಿದ್ದು, ರಾತ್ರಿಯೆಲ್ಲ ಬೊಗಳಿ ಕಾದಿದೆ. ಹಗಲು ಅದನ್ನು ಕಾಯುವ ಸರದಿ ಒಡೆಯನದು.

ಈ ಮಾತು ಸಾವ್ಕಾರರಿಗೆ ಮಾತ್ರ ಅಲ್ಲ, ಸರ್ಕಾರಕ್ಕೂ ಅನ್ವಯಿಸುತ್ತದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನುಗಳ ಆವರಣದ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮಾಡಿಸಿ, ಆಶ್ರಯತಾಣಗಳಿಗೆ ಸೇರಿಸಬೇಕೆಂದೂ ಹಿಡಿದ ಜಾಗಕ್ಕೆ ಮರಳಿ ಬಿಡಬಾರದೆಂದೂ ಆದೇಶಿಸಿತು. ಕಡಿತದ ಭಯದಲ್ಲಿ ಬಸ್ಸಿಗೆ ಕಾಯುವ ತಾಯಂದಿರು, ಶಾಲೆ ಮಕ್ಕಳ ದೃಷ್ಟಿಯಿಂದ ಆ ಆದೇಶಕ್ಕೆ ಕಾರಣವಿದೆ. ಆದರೆ ಬಿಟ್ಟ ನಾಯಿಯ ನೆರಳಿನ ಚಿಂತೆ ನಾಯಿಯದು, ಕೂಡಿ ಹಾಕಿದ ನಾಯಿಯ ನೆರಳಿನ ಚಿಂತೆ ಕೂಡಿ ಹಾಕಿದವರದು. ಕಲ್ಲುಗುಡ್ಡದ ಈ ಊರಿನಲ್ಲಿ ಬಂಡೆಗಳು ಹಗಲು ನುಂಗಿದ ಬಿಸಿಯನ್ನು ರಾತ್ರಿ ಉಗುಳುತ್ತವೆ. ಇಂಥಲ್ಲಿ ನಾಲ್ಕು ಜಾಲರಿ, ಮೇಲೆ ತಗಡು ಹೊದಿಸಿ ಆಶ್ರಯತಾಣ ಎಂದು ಬೋರ್ಡು ಬರೆಸಿದರೆ ಅದು ಆಶ್ರಯವಲ್ಲ, ಭಟ್ಟಿ. ಟೆಂಡರು ಕರೆಯುವಾಗಲೇ ಎತ್ತರದ ಛಾವಣಿ, ಎರಡೂ ಕಡೆ ಗಾಳಿ, ಮರದ ನೆರಳು, ಇಡೀ ದಿನ ನೀರು, ಬೇಸಿಗೆಯಲ್ಲಿ ನೋಡಿಕೊಳ್ಳುವ ಆಳು, ವಾರಕ್ಕೊಮ್ಮೆಯಾದರೂ ಬರುವ ವೈದ್ಯರು, ಇವನ್ನು ಕಾಗದದ ಮೇಲೆ ಬರೆಯಬೇಕು. ಬಿಲ್ಲು ಪಾಸು ಮಾಡುವ ಅಧಿಕಾರಿ ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಆ ಶೆಡ್ಡಿನಲ್ಲಿ ಹತ್ತು ನಿಮಿಷ ನಿಂತು ಬಂದು ಸಹಿ ಹಾಕಲಿ. ಅಷ್ಟೇ ಸಾಕು, ಬೇರೆ ತಪಾಸಣೆ ಬೇಡ.

ಮಿಕ್ಕದ್ದು ಊರವರ ಕೈಯಲ್ಲಿದೆ, ಖರ್ಚೂ ಕಡಿಮೆ. ನಾಯಿ ಕಟ್ಟುವ ಜಾಗವನ್ನು ಮಧ್ಯಾಹ್ನ ಹನ್ನೆರಡಕ್ಕೂ ಮೂರಕ್ಕೂ ಒಮ್ಮೆ ಎದ್ದು ನೋಡಬೇಕು. ಆಗಲೂ ನೆರಳಿದ್ದರೆ ಮಾತ್ರ ಅದು ಸರಿಯಾದ ಜಾಗ. ತಗಡಿನ ಮೇಲೆ ಭತ್ತದ ಹುಲ್ಲು, ಹತ್ತಿ ಕಟ್ಟಿಗೆ ಹರವಿದರೆ ಒಳಗಿನ ಧಗೆ ಇಳಿಯುತ್ತದೆ. ಸ್ಟೀಲ್ ಬೋಗುಣಿಯ ಬದಲು ಅಗಲ ಬಾಯಿಯ ಮಣ್ಣಿನ ಪಾತ್ರೆ ಇಟ್ಟರೆ ನೀರು ಕಾಯುವುದಿಲ್ಲ. ಸರಪಳಿ ಉದ್ದ ಇರಲಿ, ಸಾಧ್ಯವಾದರೆ ಹಗಲು ಒಳಗೇ ಬಿಡಲಿ. ಕಾರಿನಲ್ಲಿ ಕೂಡಿ ಹಾಕಿದ ನಾಯಿ ಕಂಡರೆ ದಾರಿಹೋಕರು ಸುಮ್ಮನೆ ಹೋಗದೆ ಕಾರಿನವರನ್ನು ಕೂಗಿ ಕರೆಸಲಿ. ಬೀದಿ ನಾಯಿಗೆ ಅನ್ನ ಹಾಕಲು ವಾರ್ಡಿಗೊಂದು ಜಾಗ ಗೊತ್ತು ಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಹೇಳಿತು. ಆ ಜಾಗದಲ್ಲೇ ನೀರಿನ ತೊಟ್ಟಿಯೂ ಒಂದು ಇರಲಿ.

ಬೇಸಿಗೆಗೆ ಕಚೇರಿಯ ವೇಳೆ ಬದಲಿಸಿದ ಊರು ನಾಯಿಯ ಸರಪಳಿಯನ್ನು ನಾಲ್ಕು ಮೊಳ ನೆರಳಿಗೆ ಸರಿಸಲಾರದೇ? ಕಟ್ಟುವ ಕೈ ಯಾರದೋ ನೆರಳು ಕೊಡುವ ಕೈಯೂ ಅವರದೇ ಆಗಬೇಕು. ನೆರಳು ಕೊಡಲಾಗದಿದ್ದರೆ ಕಟ್ಟಬಾರದು. ಸಾವ್ಕಾರರು ಇಂದೇ ಗೋದಾಮಿನ ಹಿಂದೆ ಒಮ್ಮೆ ಹೋಗಿ ನೋಡುವರೇ? ಸಂಬಂಧಪಟ್ಟ ಅಧಿಕಾರಿಗಳು ಮುಂದಿನ ಮೇ ತಿಂಗಳ ಮುಂಚೆ ಎಚ್ಚರಗೊಳ್ಳುವರೇ?